ಮನೆವಾರ್ತೆ: ಬೇಯದ ಕಾಳು, ಕಪ್ಪಾದ ಟೊಮೆಟೊ, ನಾರುವ ಗೊಬ್ಬರದ ಡಬ್ಬ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಗೋಳು: ಎಷ್ಟು ಕೈ ಹಿಡಿದು ಖರ್ಚು ಮಾಡಿದರೂ ತಿಂಗಳ ಕೊನೆಗೆ ಏನೂ ಉಳಿಯಲ್ಲ. ಮಿಕ್ಕವು ಗಿಡಗಳ ಗೋಳು. ಎರಡನ್ನೂ ಬೆರೆಸಿಯೇ ಉತ್ತರ ಬರೆದಿದ್ದೇನೆ.

ಪ್ರಶ್ನೆ: ಅಕ್ಕಾ, ಅಗ್ಗಕ್ಕೆ ಸಿಕ್ಕಿತು ಅಂತ ವಾರಕ್ಕಾಗುವಷ್ಟು ತರಕಾರಿ ಒಟ್ಟಿಗೆ ತರುತ್ತೇನೆ. ನಾಲ್ಕು ದಿನ ಕಳೆಯುವುದರೊಳಗೆ ಸೊಪ್ಪು ಕೊಳೆತಿರುತ್ತೆ, ಸೌತೆಕಾಯಿ ಲೋಳೆಯಾಗಿರುತ್ತೆ. ಫ್ರಿಜ್ ಸರಿ ಇಲ್ವಾ, ನಾನು ಸರಿ ಇಲ್ವಾ?

ಇಬ್ಬರೂ ಸರಿಯಾಗೇ ಇದ್ದೀರಿ. ತಂದದ್ದೆಲ್ಲವನ್ನೂ ಒಂದೇ ಕಡೆ ತುರುಕುವುದು ಮಾತ್ರ ಸರಿ ಇಲ್ಲ.

ಸೊಪ್ಪನ್ನು ತಂದ ತಕ್ಷಣ ತೊಳೆದಿಡಬೇಡಿ. ಎಲೆ ಮೇಲಿನ ಆ ನೀರೇ ಅದನ್ನು ಕೊಳೆಸುವುದು. ಹಳದಿ ಎಲೆ ಕಿತ್ತು, ಒಣ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ ಡಬ್ಬದಲ್ಲಿಡಿ, ಅಡುಗೆಗೆ ತೆಗೆದಾಗ ತೊಳೆಯಿರಿ. ಬಟ್ಟೆ ಒದ್ದೆಯಾದರೆ ಬದಲಾಯಿಸಿ, ಅಷ್ಟೇ. ಸೌತೆಕಾಯಿಗೆ ಜಾಸ್ತಿ ತಂಪು ಆಗಿಬರುವುದಿಲ್ಲ. 10 ಡಿಗ್ರಿಗಿಂತ ಕೆಳಗೆ ಕೆಲವು ದಿನ ಇದ್ದರೆ ಮೈಮೇಲೆ ಗುಳಿ ಬಿದ್ದು ನೀರೊಡೆಯುತ್ತದೆ. ಆದ್ದರಿಂದ ಅದನ್ನು ಹೊರಗೆ ತಂಪಾದ ಜಾಗದಲ್ಲಿಟ್ಟು ಬೇಗ ಮುಗಿಸಿ. ಮಾಗಿದ ಬಾಳೆಹಣ್ಣು, ಸೇಬು, ಟೊಮೆಟೊ ಇವು ಎಥಿಲೀನ್ ಅನ್ನುವ ಅನಿಲ ಬಿಡುತ್ತವೆ. ಪಕ್ಕದಲ್ಲಿ ಸೊಪ್ಪಿದ್ದರೆ ಅದು ಬೇಗ ಹಳದಿಯಾಗುತ್ತದೆ, ಹಾಗಾಗಿ ಅವೆರಡನ್ನೂ ದೂರ ಇಡಿ. ಆಲೂಗಡ್ಡೆ, ಈರುಳ್ಳಿ ಎರಡಕ್ಕೂ ಕತ್ತಲೆ, ಗಾಳಿ ಬೇಕು, ಆದರೆ ಒಂದೇ ಬುಟ್ಟಿ ಬೇಡ.

ಇನ್ನೊಂದು, ಅಡುಗೆ ಏನು ಮಾಡಬೇಕು ಅನ್ನುವುದನ್ನು ಬಾಯಿಗೆ ಬಿಡಬೇಡಿ, ಬುಟ್ಟಿಗೆ ಬಿಡಿ. ಮೊದಲ ಎರಡು ದಿನ ಸೊಪ್ಪು, ಆಮೇಲೆ ಹುರುಳಿಕಾಯಿ, ಬದನೆಕಾಯಿ, ಕೊನೆಗೆ ಕ್ಯಾರೆಟ್, ಎಲೆಕೋಸು, ಕುಂಬಳಕಾಯಿ. ಇಡೀ ಕುಂಬಳಕಾಯಿಯಂತೂ ವಾರವಲ್ಲ, ತಿಂಗಳೇ ಕಾಯುತ್ತದೆ. ಅಗ್ಗಕ್ಕೆ ತಂದ ಎರಡು ಕಿಲೋದಲ್ಲಿ ಒಂದು ಕಿಲೋ ಬುಟ್ಟಿ ಪಾಲಾದರೆ ಉಳಿದ ಒಂದು ಕಿಲೋಗೆ ನೀವು ದುಪ್ಪಟ್ಟು ಕೊಟ್ಟ ಹಾಗೆ, ಅಲ್ವಾ?

ಪ್ರಶ್ನೆ: ರಾತ್ರಿಯೆಲ್ಲಾ ನೆನೆಸಿದರೂ ಕಾಳು ಬೇಯುವುದೇ ಇಲ್ಲ. ಒಂದು ಗಂಟೆ ಗ್ಯಾಸ್ ಉರಿಸಿದರೂ ಕಲ್ಲು. ಉಪ್ಪು ಮೊದಲೇ ಹಾಕಿದ್ದಕ್ಕೆ ಹೀಗೆ ಅಂತ ನಮ್ಮತ್ತೆ ಹೇಳುತ್ತಾರೆ. ಹೌದಾ?

ಅತ್ತೆಯವರ ಹತ್ತಿರ ಈ ಪುಟ ತೋರಿಸಬೇಡಿ. ಉಪ್ಪಿನ ತಪ್ಪೇನಿಲ್ಲ. ನೆನೆಸುವ ನೀರಿಗೇ ಸ್ವಲ್ಪ ಉಪ್ಪು ಹಾಕಿದರೆ ಸಿಪ್ಪೆ ಇನ್ನೂ ಬೇಗ ಮೆತ್ತಗಾಗುತ್ತದೆ.

ಬೇಯದಿರುವುದಕ್ಕೆ ಸಾಮಾನ್ಯವಾಗಿ ಮೂರು ಕಾರಣ. ಒಂದು, ಕಾಳು ಹಳೆಯದು. ಬಿಸಿ, ತೇವ ಇರುವ ಜಾಗದಲ್ಲಿ ತಿಂಗಳುಗಟ್ಟಲೆ ಕೂತ ಕಾಳು ಒಳಗೇ ಗಟ್ಟಿಯಾಗಿಬಿಡುತ್ತದೆ, ಆಮೇಲೆ ಅದನ್ನು ಎಷ್ಟು ನೆನೆಸಿದರೂ ಪೂರ್ತಿ ಸರಿಹೋಗಲ್ಲ. ಒಂದು ವರ್ಷಕ್ಕಾಗುವ ಮೂಟೆ ತಂದರೆ ಲಾಭ ಅನ್ನುವವರು ಇದನ್ನು ನೆನಪಿಟ್ಟುಕೊಳ್ಳಿ: ಕೊಂಡಾಗ ಉಳಿದ ದುಡ್ಡು ಗ್ಯಾಸಿಗೆ ಹೋಗುತ್ತದೆ. ಎರಡು, ಗಡಸು ನೀರು. ಪಾತ್ರೆ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದಲ್ಲ, ಅದೇ ನೀರು. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಕಾಳಿನ ಸಿಪ್ಪೆಯನ್ನು ಬಿಗಿ ಮಾಡುತ್ತವೆ. ಚಿಟಿಕೆ ಅಡುಗೆ ಸೋಡಾ ಹಾಕಿದರೆ ಸಾಕು, ಬೇಗ ಬೇಯುತ್ತದೆ. ಚಿಟಿಕೆ ಅಂದರೆ ಚಿಟಿಕೆ. ಚಮಚಗಟ್ಟಲೆ ಹಾಕಿದರೆ ಸೋಪಿನ ರುಚಿ ಬರುತ್ತದೆ, ಬಿ1 ವಿಟಮಿನ್ನೂ ನಷ್ಟ. ಮೂರು, ಹುಳಿ. ಟೊಮೆಟೊ, ನಿಂಬೆರಸ, ಇನ್ನೇನೇ ಹುಳಿ ಇದ್ದರೂ ಕಾಳು ಪೂರ್ತಿ ಬೆಂದ ಮೇಲೇ ಹಾಕಿ. ಅರ್ಧ ಬೆಂದಾಗ ಹುಳಿ ಬಿದ್ದರೆ ಕಾಳು ಅಲ್ಲಿಗೇ ಹಟ ಹಿಡಿದು ಕೂರುತ್ತದೆ.

ಇನ್ನು ಗ್ಯಾಸ್ ವಿಷಯ. ನೀರು ಒಮ್ಮೆ ಕುದಿ ಬಂದ ಮೇಲೆ ನೀವು ಉರಿ ಎಷ್ಟೇ ಜೋರು ಮಾಡಿದರೂ ಅದರ ಬಿಸಿ 100 ಡಿಗ್ರಿ ದಾಟುವುದಿಲ್ಲ. ಜಾಸ್ತಿ ಉರಿಯಿಂದ ಆಗುವುದು ಆವಿ ಜಾಸ್ತಿ ಹೋಗುವುದಷ್ಟೇ. ಕುದಿ ಬಂದ ಕೂಡಲೇ ಉರಿ ಸಣ್ಣ ಮಾಡಿ ಮುಚ್ಚಳ ಮುಚ್ಚಿ. ಕುಕ್ಕರ್‌ನಲ್ಲಿ ಒತ್ತಡದಿಂದ ಸುಮಾರು 120 ಡಿಗ್ರಿವರೆಗೆ ಏರುತ್ತದೆ, ಅದಕ್ಕೇ ಅಲ್ಲಿ ಬೇಗ ಬೇಯುವುದು. ಅಲ್ಲೂ ಮೊದಲ ಸೀಟಿ ಆದ ಮೇಲೆ ಸಣ್ಣ ಉರಿ ಸಾಕು. ಆರಿಸಿದ ಮೇಲೆ ಆವಿ ತಾನಾಗಿ ಇಳಿಯಲು ಬಿಡಿ. ಆ ಹತ್ತು ನಿಮಿಷ ಬಿಟ್ಟಿ ಬೇಯುವಿಕೆ.

ಕೆಂಪು ರಾಜ್ಮಾ ಮಾತ್ರ ಬೇರೆ ಮಾತು. ಹಸಿ ಕಾಳಿನಲ್ಲಿ ಲೆಕ್ಟಿನ್ ಅನ್ನುವ ವಿಷದ ಅಂಶ ಇರುತ್ತದೆ, ಸರಿಯಾಗಿ ಬೇಯದ ನಾಲ್ಕೈದು ಕಾಳು ತಿಂದರೂ ವಾಂತಿ ಶುರುವಾಗಬಹುದು. ಕನಿಷ್ಠ 5 ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಅರ್ಧ ಗಂಟೆ ಚೆನ್ನಾಗಿ ಕುದಿಸಿ. ಇಲ್ಲ ಅಂದರೆ ಕುಕ್ಕರ್‌ಗೆ ಹಾಕಿ. ಗ್ಯಾಸ್ ಉಳಿಸಬೇಕು ಅಂತ ಬೆಚ್ಚಗಿನ ಶಾಖದಲ್ಲಿ ಗಂಟೆಗಟ್ಟಲೆ ಇಡುವ ಉಪಾಯ ಇದಕ್ಕೆ ಬೇಡವೇ ಬೇಡ.

ಪ್ರಶ್ನೆ: ಮಿಕ್ಕಿದ ಅನ್ನ ಎಷ್ಟು ಹೊತ್ತು ಇಡಬಹುದು? ಎಸೆಯಲು ಮನಸ್ಸು ಬರಲ್ಲ.

ಎಸೆಯುವುದು ಬೇಡ, ಆದರೆ ಒಲೆ ಮೇಲೇ ಬಿಟ್ಟು ಮಲಗುವುದೂ ಬೇಡ. ಅಕ್ಕಿಯಲ್ಲಿ ಇರುವ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಾಣು ಅನ್ನ ಬೆಂದರೂ ಸಾಯುವುದಿಲ್ಲ. ಅನ್ನ ಬೆಚ್ಚಗೆ ಹೊರಗೇ ಕೂತರೆ ಅದು ಚಿಗುರಿ ವಿಷ ಬಿಡುತ್ತದೆ, ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗಲ್ಲ. ಊಟ ಮುಗಿದ ಕೂಡಲೇ ಅಗಲ ತಟ್ಟೆಯಲ್ಲಿ ಹರಡಿ ಆರಿಸಿ, ಒಂದು ಗಂಟೆಯೊಳಗೆ ಫ್ರಿಜ್‌ಗೆ ಹಾಕಿ, ಮಾರನೆಯ ದಿನ ಮುಗಿಸಿ. ಬಿಸಿ ಮಾಡುವುದು ಒಂದೇ ಸಲ, ಅದೂ ಹಬೆಯಾಡುವಷ್ಟು. ದಿನಾ ಮಿಗುತ್ತಿದ್ದರೆ ಮಾತ್ರ ಅಳತೆಯ ಲೋಟ ಬದಲಾಯಿಸಿ, ಅದಕ್ಕಿಂತ ದೊಡ್ಡ ಉಪಾಯ ನನ್ನ ಹತ್ತಿರ ಇಲ್ಲ.

ಪ್ರಶ್ನೆ: ಬ್ರೆಡ್ಡಿಗೆ ಬೂಷ್ಟು ಬಂದಿದ್ದರೆ ಅಷ್ಟು ಭಾಗ ಕಿತ್ತು ತಿನ್ನಬಹುದಲ್ವಾ? ನಮ್ಮನೆಯವರು ಹಾಗೇ ಮಾಡುತ್ತಾರೆ.

ಬೇಡ. ಮೇಲೆ ಕಾಣುವುದು ಬೂಷ್ಟಿನ ಹೂವು ಮಾತ್ರ, ಬೇರು ಒಳಗೆಲ್ಲಾ ಹರಡಿರುತ್ತದೆ. ಬ್ರೆಡ್, ಅನ್ನ, ಜಾಮ್, ಮೊಸರು, ಮೆತ್ತಗಿನ ಹಣ್ಣು ಇವಕ್ಕೆ ಬಂದರೆ ಪೂರ್ತಿ ಎಸೆಯಿರಿ. ಕ್ಯಾರೆಟ್, ಎಲೆಕೋಸಿನಂಥ ಗಟ್ಟಿ ತರಕಾರಿಗೆ ಒಂದು ಮೂಲೆಯಲ್ಲಿ ಬಂದಿದ್ದರೆ ಸುತ್ತಲೂ ಎರಡು ಬೆರಳಗಲ ಕತ್ತರಿಸಿ ತೆಗೆದು ಉಳಿದದ್ದು ಬಳಸಬಹುದು. ಉಳಿತಾಯ ಮಾಡುವ ಜಾಗ ಇದಲ್ಲ ಅಂತ ಮನೆಯವರಿಗೆ ಹೇಳಿ. ಬ್ರೆಡ್ ಮಿಗುತ್ತದೆ ಅನ್ನಿಸಿದ ದಿನವೇ ಫ್ರೀಜರ್‌ಗೆ ಹಾಕಿ, ಬೇಕಾದಾಗ ಒಂದೊಂದೇ ಹೋಳು ತೆಗೆದು ನೇರ ಕಾವಲಿ ಮೇಲೆ ಬಿಸಿ ಮಾಡಿ. ಹಳಸಿದ್ದು ಬೇರೆ, ಒಣಗಿದ್ದು ಬೇರೆ. ಒಣಗಿದ್ದನ್ನು ಪುಡಿ ಮಾಡಿಟ್ಟರೆ ಹತ್ತು ಕಡೆ ಉಪಯೋಗ.

ಪ್ರಶ್ನೆ: ಕುಂಡದಲ್ಲಿ ಟೊಮೆಟೊ ಚೆನ್ನಾಗಿ ಕಚ್ಚಿದೆ. ಆದರೆ ಕಾಯಿಯ ಕೆಳಭಾಗ ಕಪ್ಪಾಗಿ, ಚಪ್ಪಟೆಯಾಗಿ, ಚರ್ಮದ ಹಾಗೆ ಆಗುತ್ತಿದೆ. ಮೊಟ್ಟೆ ಸಿಪ್ಪೆ ಹಾಕಿ ಅಂತ ಎಲ್ಲರೂ ಹೇಳಿದರು, ಹಾಕಿದೆ. ಏನೂ ಆಗಿಲ್ಲ.

ಮೊಟ್ಟೆ ಸಿಪ್ಪೆ ಕರಗಲು ತಿಂಗಳುಗಳೇ ಬೇಕು, ಎಷ್ಟೋ ಸಲ ವರ್ಷ ಕಳೆದರೂ ಮಣ್ಣಲ್ಲಿ ಹಾಗೇ ಸಿಗುತ್ತದೆ. ಅಷ್ಟರಲ್ಲಿ ನಿಮ್ಮ ಗಿಡದ ಆಯಸ್ಸೇ ಮುಗಿದಿರುತ್ತದೆ. ಹಾಕಿದ್ದರಿಂದ ತೊಂದರೆ ಇಲ್ಲ, ಉಪಕಾರವೂ ಇಲ್ಲ.

ಇದು ರೋಗವಲ್ಲ, ಪಕ್ಕದ ಗಿಡಕ್ಕೆ ಹರಡುವುದಿಲ್ಲ, ಆದ್ದರಿಂದ ಔಷಧಿ ಕೊಳ್ಳಲು ಓಡಬೇಡಿ. ಕಾಯಿಯ ತುದಿಗೆ ಕ್ಯಾಲ್ಸಿಯಂ ಮುಟ್ಟದಿದ್ದರೆ ಹೀಗಾಗುತ್ತದೆ. ಮಣ್ಣಲ್ಲಿ ಕ್ಯಾಲ್ಸಿಯಂ ಸಾಮಾನ್ಯವಾಗಿ ಬೇಕಾದಷ್ಟು ಇರುತ್ತದೆ. ಆದರೆ ಅದು ನೀರಿನ ಜೊತೆಗೇ ಮೇಲೆ ಹೋಗಬೇಕು, ನೀರು ಜಾಸ್ತಿ ಎಳೆದುಕೊಳ್ಳುವುದು ಎಲೆ, ಕಾಯಿ ಅಲ್ಲ. ಕುಂಡ ಒಂದು ದಿನ ಒಣಗಿ ಬಿರುಕು ಬಿಟ್ಟು, ಮರುದಿನ ನೀವು ಬಕೆಟ್ ನೀರು ಸುರಿದರೆ, ಈ ಏರುಪೇರಿನಲ್ಲಿ ಕಾಯಿಯ ತುದಿಗೆ ಏನೂ ಉಳಿಯುವುದಿಲ್ಲ. ಹಾಗಾಗಿ ಔಷಧಿ ಅಂದರೆ ನೀರೇ. ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ ನೋಡಿ. ಅಲ್ಲಿ ಒಣಗಿದ್ದರೆ ಮಾತ್ರ ನೀರು, ಹಾಕಿದರೆ ಕೆಳಗಿನ ತೂತಿನಿಂದ ಹೊರಬರುವಷ್ಟು. ಬುಡಕ್ಕೆ ಮೂರು ಬೆರಳು ದಪ್ಪ ಒಣ ಎಲೆ ಹೊದಿಸಿ. ಕುಂಡ ಚಿಕ್ಕದಾಗಿದ್ದರೆ ಮುಂದಿನ ಸಲ 20 ಲೀಟರ್ ಬಕೆಟ್‌ನಷ್ಟು ದೊಡ್ಡದು ಇಡಿ. ಗೊಬ್ಬರ ಜಾಸ್ತಿ ಹಾಕಿ ಎಲೆ ಮಾತ್ರ ಕಪ್ಪು ಹಸಿರಾಗಿ ಕೊಬ್ಬಿದ್ದರೂ ಇದೇ ಕಾಟ.

ಕಪ್ಪಾದ ಕಾಯಿಗಳನ್ನು ಕಿತ್ತುಬಿಡಿ, ಅವು ಸರಿಯಾಗುವುದಿಲ್ಲ. ಕಪ್ಪು ಭಾಗ ಕತ್ತರಿಸಿ, ಉಳಿದದ್ದು ಗಟ್ಟಿಯಾಗಿ, ಕೊಳೆಯದೆ ಇದ್ದರೆ ಅಡುಗೆಗೆ ಹಾಕಬಹುದು. ಮೊದಲ ಗೊಂಚಲಿಗೇ ಇದು ಜಾಸ್ತಿ ಬರುವುದು, ನೀರು ಸರಿಹೋದರೆ ಮುಂದಿನವು ಚೆನ್ನಾಗಿ ಬರುತ್ತವೆ.

ಪ್ರಶ್ನೆ: ನಿಜ ಹೇಳಿ, ಕುಂಡದಲ್ಲಿ ತರಕಾರಿ ಬೆಳೆದರೆ ದುಡ್ಡು ಉಳಿಯುತ್ತಾ? ಕುಂಡ, ಮಣ್ಣು, ಗೊಬ್ಬರ ಅಂತ ಇಷ್ಟರಲ್ಲೇ ಸಾಕಷ್ಟು ಹೋಗಿದೆ.

ಏನು ಬೆಳೆಯುತ್ತೀರಿ ಅನ್ನುವುದರ ಮೇಲೆ ಹೋಗುತ್ತದೆ. ಈರುಳ್ಳಿ, ಆಲೂಗಡ್ಡೆ, ಎಲೆಕೋಸು ಕುಂಡದಲ್ಲಿ ಬೆಳೆದು ಉಳಿಸಿದವರನ್ನು ನಾನು ನೋಡಿಲ್ಲ. ಒಂದು ಎಲೆಕೋಸು ಮೂರು ತಿಂಗಳು ಕುಂಡ ಆಕ್ರಮಿಸಿ ಕೊನೆಗೆ ಒಂದು ಹೊತ್ತಿನ ಪಲ್ಯ ಆಗುತ್ತದೆ, ಅದೂ ಹುಳ ಬಿಟ್ಟರೆ.

ಉಳಿತಾಯ ಇರುವುದು ಅಡುಗೆಗೆ ಚೂರೇ ಬೇಕಾಗಿ, ಕಟ್ಟು ಪೂರ್ತಿ ಕೊಳ್ಳಬೇಕಾದ ಪದಾರ್ಥಗಳಲ್ಲಿ. ಪುದೀನ, ಕೊತ್ತಂಬರಿ, ಈರುಳ್ಳಿ ಹೂವು, ಮೆಣಸಿನಕಾಯಿ, ಕತ್ತರಿಸಿದಷ್ಟೂ ಚಿಗುರುವ ಸೊಪ್ಪುಗಳು. ಪುದೀನ ಕಡ್ಡಿಯ ಕೆಳಗಿನ ಎಲೆ ಕಿತ್ತು ನೀರಲ್ಲಿಟ್ಟರೆ ವಾರ, ಹತ್ತು ದಿನದಲ್ಲಿ ಬೇರು ಬಿಡುತ್ತದೆ, ಬೀಜದ ಖರ್ಚೂ ಇಲ್ಲ. ಬೇರು ಇರುವ ಈರುಳ್ಳಿ ಹೂವಿನ ಬುಡ ಎರಡು ಬೆರಳು ಬಿಟ್ಟು ನೆಟ್ಟರೆ ಮತ್ತೆ ಬರುತ್ತದೆ. ಸೊಪ್ಪಿಗೆ ಒಂದು ಗೇಣು ಆಳದ ಯಾವ ಹಳೇ ಡಬ್ಬವಾದರೂ ಸಾಕು, ತಳಕ್ಕೆ ತೂತು ಇರಲಿ. ದಿನಕ್ಕೆ ಮೂರು ನಾಲ್ಕು ಗಂಟೆ ಬಿಸಿಲಿದ್ದರೂ ಸೊಪ್ಪು ಬರುತ್ತದೆ. ಟೊಮೆಟೊ, ಮೆಣಸಿನಕಾಯಿಗೆ ಆರು ಗಂಟೆಗೆ ಕಡಿಮೆಯಾದರೆ ಬರೀ ಎಲೆ. ಬಿಸಿಲಿಲ್ಲದ ಜಾಗದಲ್ಲಿ ಟೊಮೆಟೊ ಇಟ್ಟು ಗೊಬ್ಬರದ ಮೇಲೆ ಗೊಬ್ಬರ ಸುರಿಯುವುದೇ ಕುಂಡದ ತೋಟದ ಅತಿ ದುಬಾರಿ ಚಟ ಅಂತ ನನ್ನ ಅಭಿಪ್ರಾಯ.

ತರಕಾರಿ, ಕಾಳು ತೊಳೆದ ನೀರು, ಉಪ್ಪು ಹಾಕದೆ ತರಕಾರಿ ಬೇಯಿಸಿದ ನೀರು ಆರಿದ ಮೇಲೆ ಗಿಡಕ್ಕೆ ಹಾಕಿ. ಉಪ್ಪಿನ ನೀರು ಮಾತ್ರ ಬೇಡ.

ಪ್ರಶ್ನೆ: ಸಿಪ್ಪೆಯಿಂದ ಗೊಬ್ಬರ ಮಾಡಲು ಹೋಗಿ ಮನೆಯೆಲ್ಲಾ ನಾತ. ಅಕ್ಕಪಕ್ಕದವರು ಮುಖ ಸಿಂಡರಿಸುತ್ತಿದ್ದಾರೆ. ಬಿಟ್ಟುಬಿಡಲಾ?

ಬಿಡಬೇಡಿ, ಒಣ ಎಲೆ ಹುಡುಕಿ. ನಾತ ಬರುತ್ತಿದೆ ಅಂದರೆ ಒಳಗೆ ನೀರು ಜಾಸ್ತಿ, ಗಾಳಿ ಕಮ್ಮಿ. ಒಂದು ಬಟ್ಟಲು ಹಸಿ ಸಿಪ್ಪೆಗೆ ಎರಡು ಮೂರು ಬಟ್ಟಲು ಒಣ ಎಲೆ, ಹರಿದ ರಟ್ಟು, ಮರದ ಹೊಟ್ಟು ಇವುಗಳಲ್ಲಿ ಯಾವುದಾದರೂ ಸೇರಬೇಕು. ಈಗ ಡಬ್ಬದಲ್ಲಿರುವುದನ್ನು ಪೂರ್ತಿ ಹೊರಗೆ ಸುರಿದು, ಒಣ ಎಲೆ ಕಲೆಸಿ ಮತ್ತೆ ತುಂಬಿ. ಮುಷ್ಟಿಯಲ್ಲಿ ಹಿಡಿದು ಹಿಂಡಿದರೆ ಒಂದೆರಡು ಹನಿ ಮಾತ್ರ ಬರಬೇಕು, ಧಾರೆ ಸುರಿದರೆ ಇನ್ನೂ ಎಲೆ ಬೇಕು ಅಂತ ಲೆಕ್ಕ. ಡಬ್ಬದ ಪಕ್ಕಕ್ಕೂ ತಳಕ್ಕೂ ತೂತು ಇರಲಿ. ಮಾಂಸ, ಮೀನು, ಹಾಲು, ಎಣ್ಣೆ ಪದಾರ್ಥ ಹಾಕಬೇಡಿ. ಸಿಪ್ಪೆ ಚಿಕ್ಕದಾಗಿ ಹೆಚ್ಚಿ, ಮೇಲೆ ಯಾವಾಗಲೂ ಒಣ ಎಲೆಯ ಹೊದಿಕೆ ಇದ್ದರೆ ನೊಣವೂ ಕಡಿಮೆ. ಎರಡು ಮೂರು ದಿನದಲ್ಲಿ ನಾತ ಇಳಿಯುತ್ತದೆ.

ಪ್ರಶ್ನೆ: ಕೊಂಡು ತಂದ ತರಕಾರಿಯ ಬೀಜ ತೆಗೆದು ನೆಡಬಹುದಾ?

ನೆಡಬಹುದು, ಆದರೆ ತಾಯಿಯಂಥದ್ದೇ ಕಾಯಿ ಬರುತ್ತದೆ ಅಂತ ನಂಬಬೇಡಿ. ಮಾರಾಟಕ್ಕೆ ಬರುವುದರಲ್ಲಿ ತುಂಬಾ ಹೈಬ್ರಿಡ್ ಇರುತ್ತವೆ, ಅವುಗಳ ಮಕ್ಕಳು ಒಂದೊಂದು ಒಂದೊಂದು ಥರ. ಟೊಮೆಟೊ ಪರವಾಗಿಲ್ಲ, ಹೇಗೇ ಬಂದರೂ ತಿನ್ನಬಹುದು. ಸೋರೆ, ಸೌತೆ, ಕುಂಬಳದಂಥವು ತಮ್ಮದೇ ಜಾತಿಯ ಬೇರೆ ತಳಿಗಳ ಜೊತೆ ಪರಾಗ ಬೆರೆಸಿಕೊಂಡು ಕೆಲವೊಮ್ಮೆ ಕಹಿ ಕಾಯಿ ಕೊಡುತ್ತವೆ. ಚೂರು ನಾಲಿಗೆಗೆ ತಾಗಿಸಿ ನೋಡಿ, ಕಹಿ ಇದ್ದರೆ ಉಗಿದು, ಪೂರ್ತಿ ಕಾಯಿ ಎಸೆಯಿರಿ. ಆ ಕಹಿ ಬೇಯಿಸಿದರೂ ಹೋಗದ ವಿಷ. ಇಲ್ಲಿ ಮಾತ್ರ ದಾಕ್ಷಿಣ್ಯ ಬೇಡ.

ಪ್ರಶ್ನೆ: ಕೊತ್ತಂಬರಿ ಬೀಜ ಹಾಕಿ ವಾರವಾಯಿತು, ಒಂದೂ ಮೊಳೆತಿಲ್ಲ.

ಇನ್ನೂ ಒಂದು ವಾರ ಕಾಯಿರಿ, ಎರಡು ವಾರ ಹಿಡಿಯುವುದು ಮಾಮೂಲು. ಆ ಉಂಡೆ ಕಾಳಿನೊಳಗೆ ಎರಡು ಬೀಜ ಇರುತ್ತವೆ. ಮುಂದಿನ ಸಲ ಚಪ್ಪಲಿಯಿಂದಲೋ ಲಟ್ಟಣಿಗೆಯಿಂದಲೋ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ, ರಾತ್ರಿ ನೆನೆಸಿ ಹಾಕಿ. ಪುಡಿ ಮಾಡಬೇಡಿ. ಬೇಸಿಗೆಯಲ್ಲಿ ಅರೆ ನೆರಳಿಗೆ ಸರಿಸಿ, ಸೆಕೆ ಜಾಸ್ತಿಯಾದರೆ ಎಲೆ ಕೊಡುವ ಮೊದಲೇ ಹೂ ಬಿಡುತ್ತದೆ. ಹಾಗೇನಾದರೂ ಹೂ ಬಿಟ್ಟರೆ ಕೀಳದೆ ಬಿಡಿ, ಮುಂದಿನ ಸಲಕ್ಕೆ ಬೀಜ ಕೊಳ್ಳುವುದು ತಪ್ಪುತ್ತದೆ.