ಸಂಪಾದಕರ ಉತ್ತರ: ‘ನಸಾಹ’ ಯಾವ ಊರು?

ಸಂಪಾದಕರಿಗೆ ನಮಸ್ಕಾರ. ಹಾಸನ ಜಿಲ್ಲೆಯ ಒಂದು ಡಿಗ್ರಿ ಕಾಲೇಜಿನಲ್ಲಿ ನಾನು ಅತಿಥಿ ಉಪನ್ಯಾಸಕ, ಬಿಸಿಎ ಮೊದಲ ವರ್ಷಕ್ಕೆ ಪ್ರೋಗ್ರಾಮಿಂಗ್ ಕಲಿಸುತ್ತೇನೆ. ತರಗತಿಯಲ್ಲಿ 60 ಜನ, ಲ್ಯಾಬಿನಲ್ಲಿ ನಡೆಯುವ ಕಂಪ್ಯೂಟರ್ 20. ಹತ್ತು ಹನ್ನೆರಡು ಮಕ್ಕಳು ಪಿಯುನಲ್ಲೇ ಕಂಪ್ಯೂಟರ್ ಓದಿದವರು, ಅವರಿಗೆ ನನ್ನ ಪಾಠ ಬೋರು. ಅರ್ಧಕ್ಕಿಂತ ಜಾಸ್ತಿ ಜನ ಕನ್ನಡ ಮೀಡಿಯಂ, ಆರ್ಟ್ಸ್ ಕಾಮರ್ಸ್ ಮಾಡಿ ಬಂದವರು. ಉಳಿದವರು ಇಂಜಿನಿಯರಿಂಗ್ ಸೀಟು ಸಿಗದೆ ಬಂದು ಕೂತವರು. ಇಷ್ಟು ಬಗೆಯವರಿಗೆ ಒಟ್ಟಿಗೆ ಆಸಕ್ತಿ ಹುಟ್ಟಿಸುವುದು ಹೇಗೆ? ಕಂಪ್ಯೂಟರ್ ತಲೆ ಇದ್ದವರಿಗೆ ಇದೆ, ಇಲ್ಲದವರಿಗೆ ಇಲ್ಲ ಅನ್ನಿಸಿಬಿಟ್ಟಿದೆ. ಸೇರಿಸಿಕೊಳ್ಳುವಾಗಲೇ ಒಂದು ಪರೀಕ್ಷೆ ಇಟ್ಟು ಸೋಸಿದರೆ ಆಗದೇ?
– ಒಬ್ಬ ಉಪನ್ಯಾಸಕ

ಮೇಷ್ಟ್ರೇ, ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ನಿಮ್ಮ ಕಷ್ಟ ನಿಜ. 20 ಕಂಪ್ಯೂಟರಿಗೆ 60 ಮಕ್ಕಳು, ಮುಂದಿನ ವರ್ಷ ಕೆಲಸ ಇರುತ್ತದೋ ಇಲ್ಲವೋ ಅನ್ನುವ ಚಿಂತೆ ಬೇರೆ. ಸ್ವಲ್ಪ ಲೆಕ್ಕ ಗೊತ್ತಿದ್ದರೆ ಪಾಠ ಸಲೀಸು, ಅದೂ ನಿಜ. ಆದರೆ ‘ಕಂಪ್ಯೂಟರ್ ತಲೆ’ ಅಂದಿರಲ್ಲ, ಆ ಮಾತು ಮಾತ್ರ ನನಗೆ ಗಂಟಲಲ್ಲಿ ಸಿಕ್ಕಿಕೊಂಡಿದೆ. ಪಾಠ ಶುರುವಾಗಿ ಒಂದೂವರೆ ತಿಂಗಳಿಗೆ ಮಕ್ಕಳನ್ನು ಹೀಗೆ ಎರಡು ಗುಂಪು ಮಾಡಿ ಮನಸ್ಸಿನಲ್ಲೇ ಮುದ್ರೆ ಒತ್ತುವುದನ್ನು ನಾನು ಎಷ್ಟೋ ಕಾಲೇಜಿನಲ್ಲಿ ನೋಡಿದ್ದೇನೆ. ಒಳ್ಳೆಯ ಮೇಷ್ಟ್ರುಗಳೇ ಹಾಗೆ ಮಾಡುತ್ತಾರೆ. ನೀವೂ ಒಳ್ಳೆಯವರೇ, ಇಲ್ಲದಿದ್ದರೆ ಇಷ್ಟುದ್ದ ಪತ್ರ ಬರೆಯುತ್ತಿರಲಿಲ್ಲ.

ಸೋಸುವ ಪರೀಕ್ಷೆಯ ಕಥೆ ಹಳೆಯದು. 2006ರಲ್ಲಿ ಇಂಗ್ಲೆಂಡಿನ ಮಿಡ್ಲ್‌ಸೆಕ್ಸ್ ವಿಶ್ವವಿದ್ಯಾಲಯದ ಸಯೀದ್ ದೆಹ್ನಾದಿ ಮತ್ತು ರಿಚರ್ಡ್ ಬೋರ್ನಟ್ ಒಂದು ಪರೀಕ್ಷೆ ಮಾಡಿದರು. ಏನೂ ಕಲಿಸುವ ಮೊದಲೇ ಮಕ್ಕಳಿಗೆ ಒಂದು ಪ್ರಶ್ನೆ. ಎ ಅಂದರೆ 10, ಬಿ ಅಂದರೆ 20, ಆಮೇಲೆ ‘ಎ = ಬಿ’ ಎಂದು ಬರೆದರೆ ಈಗ ಯಾವುದು ಎಷ್ಟು? ಇಂಥ ಪ್ರಶ್ನೆಗಳಿಗೆ ಮಕ್ಕಳು ಉತ್ತರಿಸುವ ರೀತಿ ನೋಡಿಯೇ ಯಾರಿಗೆ ಪ್ರೋಗ್ರಾಮಿಂಗ್ ಬರುತ್ತದೆ, ಯಾರಿಗೆ ಬರಲ್ಲ ಹೇಳಬಹುದು ಅಂದರು. ಲೋಕವೆಲ್ಲ ತಲೆ ಆಡಿಸಿತು. ಎಂಟು ವರ್ಷದ ನಂತರ, 2014ರಲ್ಲಿ, ಬೋರ್ನಟ್ ಅವರೇ ಎದ್ದು ನಿಂತು ಆ ಮಾತನ್ನು ವಾಪಸ್ ತೆಗೆದುಕೊಂಡರು. ಅಷ್ಟು ದೊಡ್ಡ ಮನಸ್ಸಿಗೆ ಕೈ ಮುಗಿಯಬೇಕು. ಮಾತು ವಾಪಸ್ ಬಂತು, ನಂಬಿಕೆ ಮಾತ್ರ ನಮ್ಮ ಸ್ಟಾಫ್ ರೂಮುಗಳಲ್ಲಿ ಹಾಗೇ ಕೂತಿದೆ. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಕಂಪ್ಯೂಟರ್ ತರಗತಿಗಳ 778 ಫಲಿತಾಂಶದ ಪಟ್ಟಿಗಳನ್ನು ತೆಗೆದು ನೋಡಿದವರಿದ್ದಾರೆ. 2016ರಲ್ಲಿ ಅದು ಪ್ರಕಟವಾಯಿತು. ‘ಬಲ್ಲವರ ಗುಂಪು, ಬಾರದವರ ಗುಂಪು’ ಎಂದು ಅಂಕಗಳು ನಿಜಕ್ಕೂ ಎರಡಾಗಿ ಒಡೆದಿದ್ದು ನೂರಕ್ಕೆ ಆರಕ್ಕೂ ಕಡಿಮೆ ಪಟ್ಟಿಗಳಲ್ಲಿ. ಉಳಿದದ್ದರಲ್ಲೆಲ್ಲ ಮಕ್ಕಳು ನಡುವೆ ಉದ್ದಕ್ಕೂ ಹರಡಿಕೊಂಡಿದ್ದರು.

ಸಕಲೇಶಪುರದ ಕಡೆ ಕಾಫಿ ತೋಟ ನೋಡಿದವರಿಗೆ ಇದು ಹೊಸದೇನಲ್ಲ. ಅರೇಬಿಕಾ ಒಂದೇ ಕೊಂಬೆಯಲ್ಲಿ ಒಂದು ಹಣ್ಣು ಕೆಂಪಾಗಿರುತ್ತದೆ, ಪಕ್ಕದ್ದು ಇನ್ನೂ ಹಸಿರು. ಅದಕ್ಕೇ ಒಂದೇ ಸಲ ಕೊಯ್ಯದೆ ಎರಡು ಮೂರು ಸಲ ಸುತ್ತಿ ಬರುತ್ತಾರೆ. ಜರಡಿ ಹಿಡಿದು ಗ್ರೇಡ್ ಮಾಡುವುದು ಕಾಫಿ ಬೀಜ ಹಸನು ಮಾಡುವ ಕ್ಯೂರಿಂಗ್ ವರ್ಕ್ಸ್‌ನಲ್ಲಿ, ಹಣ್ಣಾಗಿ ಒಣಗಿದ ಮೇಲೆ. ನೀವು ಜರಡಿಯನ್ನು ಗಿಡದ ಬುಡಕ್ಕೇ ತಂದಿದ್ದೀರಿ ಮೇಷ್ಟ್ರೇ.

ನಮ್ಮ ಬೀದಿಯಲ್ಲಿ ಆಲೂರು ಕಡೆಯ ಒಬ್ಬ ಹುಡುಗಿ ಸಂಬಂಧಿಕರ ಮನೆಯಲ್ಲಿದ್ದು ಬಿಸಿಎ ಓದುತ್ತಿದ್ದಳು. ಹತ್ತನೇ ತರಗತಿವರೆಗೆ ಕನ್ನಡ ಮೀಡಿಯಂ. ಒಂದು ಸಂಜೆ ಲ್ಯಾಬ್ ಪರೀಕ್ಷೆಗೆ ಪ್ರೋಗ್ರಾಂ ಉರು ಹೊಡೆಯುತ್ತಾ ಕೂತಿದ್ದಳು. ಪದವನ್ನು ತಿರುಗಿಸಿ ಬರೆಯುವ ಪ್ರೋಗ್ರಾಂ, ಉದಾಹರಣೆ ‘ಹಲೋ’, ಅದೂ ಇಂಗ್ಲಿಷಿನಲ್ಲಿ. ಏನಮ್ಮಾ ಇದು ಅಂದರೆ ಗೊತ್ತಿಲ್ಲ ಅಂಕಲ್, ಬರೆದರೆ ಮಾರ್ಕ್ಸ್ ಕೊಡ್ತಾರೆ ಅಂದಳು. ನಾನು ನನ್ನ ಲ್ಯಾಪ್‌ಟಾಪ್ ಕೊಟ್ಟು, ಅಲ್ಲೇ ಕನ್ನಡದಲ್ಲಿ ‘ಹಾಸನ’ ಅಂತ ಹಾಕು ನೋಡೋಣ ಅಂದೆ. ಹಾಕಿದಳು. ‘ನಸಾಹ’ ಅಂತ ಬಂತು.

ಹುಡುಗಿ ಪರದೆ ನೋಡುತ್ತಾ ಕೂತಳು. ‘ನಸಹಾ’ ಬರಬೇಕಿತ್ತಲ್ಲ ಅಂಕಲ್, ದೀರ್ಘ ‘ಸ’ಕ್ಕೆ ಯಾಕೆ ಹೋಯಿತು? ಹತ್ತು ನಿಮಿಷ ನಾನು ಮಾತಾಡಲಿಲ್ಲ. ಆಮೇಲೆ ಅಕ್ಷರ ಎಣಿಸುವ ಪ್ರೋಗ್ರಾಂ ಹಾಕಿದಳು. ನಮಗೆ ಮೂರು ಅಕ್ಷರ, ಕಂಪ್ಯೂಟರಿಗೆ ನಾಲ್ಕು. ‘ಹ ಬೇರೆ, ಇಳಿ ಬೇರೆ ಇಟ್ಟುಕೊಂಡಿದೆ ಅಂಕಲ್ ಇದು, ಕಾಗುಣಿತ ಹೇಳ್ತೀವಲ್ಲ ಹಾಗೆ!’ ಅಂತ ಎದ್ದು ನಿಂತೇ ಬಿಟ್ಟಳು. ಆಮೇಲೆ ‘ಕ್ಷ’ ಹಾಕಿದಳು, ಮೂರು ಅಂತ ಬಂತು. ಕ, ಅರ್ಧಾಕ್ಷರದ ಗುರುತು, ಷ. ಕಂಪ್ಯೂಟರ್ ಒಂದೊಂದು ಅಕ್ಷರಕ್ಕೂ ಗುರುತಿಗೂ ಒಂದೊಂದು ಸಂಖ್ಯೆ ಇಟ್ಟುಕೊಳ್ಳುವ ಪದ್ಧತಿ ಯುನಿಕೋಡ್, ಅದೇನು ಅನ್ನುವ ಪಾಠವನ್ನು ಆ ಮಗು ತಾನೇ ಕಂಡುಕೊಂಡಿತು. ಕಾಗುಣಿತ ಬಾಯಿಗೆ ಬರುವ ಮಗುವಿಗಷ್ಟೇ ಹೊಳೆಯುವ ಪ್ರಶ್ನೆ ಅದು. ಬರೀ ಇಂಗ್ಲಿಷಿನಲ್ಲಿ ‘ಹಲೋ’ ತಿರುಗಿಸಿ ಮುಂದೆ ಹೋದವರಿಗೆ ಅಲ್ಲೊಂದು ಪ್ರಶ್ನೆ ಇದೆ ಅಂತಲೇ ಗೊತ್ತಾಗಲ್ಲ, ಅಲ್ವಾ?

ಆರ್ಟ್ಸ್ ಓದಿ ಬಂದವರು ಅಂದಿರಿ. ಅವರು ಕನ್ನಡ ಪಾಠದಲ್ಲಿ ಪ್ರಸ್ತಾರ ಹಾಕಿ ಗಣ ವಿಭಾಗ ಮಾಡಿದವರು. ಮೂರು ಅಕ್ಷರ, ಒಂದೊಂದೂ ಲಘು ಇಲ್ಲವೇ ಗುರು, ಒಟ್ಟು ಎಂಟು ಗಣ. ‘ಯಮಾತಾರಾಜಭಾನಸಲಗಂ’ ಅಂತ ಬಾಯಿಪಾಠ ಮಾಡಿದ್ದಾರೆ. ಲಘುವಿಗೆ ಸೊನ್ನೆ, ಗುರುವಿಗೆ ಒಂದು ಅಂತ ಬರೆಸಿ ನೋಡಿ. ಸೊನ್ನೆ ಒಂದುಗಳ ಎಲ್ಲ ಜೋಡಣೆಗಳನ್ನು ಸಾಲಾಗಿ ನೀವು ಬೋರ್ಡಿನ ಮೇಲೆ ಬರೆಯುವ ಟ್ರೂತ್ ಟೇಬಲ್ಲಿನ ಎಂಟು ಸಾಲು ಅದೇ. ನಾಲ್ಕು ಅಕ್ಷರವಾದರೆ ಎಷ್ಟು ಅಂತ ಕೇಳಿ, 16 ಅನ್ನುವ ಉತ್ತರ ಹಿಂದಿನ ಬೆಂಚಿನಿಂದ ಬರುತ್ತದೆ. ಬೇಲೂರಿನಿಂದ ಬರುವ ಮಕ್ಕಳಿಗೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿರುವ ಆಮೆಯನ್ನು ಕೊಡಿ. 1967ರಲ್ಲಿ ಹುಟ್ಟಿದ ಲೋಗೋ ಭಾಷೆಯ ಕೊಡುಗೆ ಅದು, ನಡೆಯುತ್ತಾ ಗೆರೆ ಎಳೆಯುವ ಆಮೆ. ಒಂದು ಚೌಕವನ್ನು ನಡುವಿನ ಬಿಂದು ಕದಲದ ಹಾಗೆ 22.5 ಡಿಗ್ರಿ ತಿರುಗಿಸುತ್ತಾ ನಾಲ್ಕು ಸಲ ಬರೆದರೆ 16 ಮೂಲೆಯ ನಕ್ಷತ್ರ. ಹೊಯ್ಸಳರ ನಕ್ಷತ್ರಾಕಾರದ ಗುಡಿಗಳ ತಳದ ಗುಟ್ಟು ಇದೇ, ಚೌಕವನ್ನು ತಿರುಗಿಸುವುದು. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಲೂಪ್ ಅಂದರೇನು ಅಂತ ಆಮೇಲೆ ಬೇರೆ ಹೇಳಬೇಕೇ? ಇನ್ನು ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬರುವ ಹುಡುಗನಿಗೆ ಫ್ಯಾಟ್ ಇಷ್ಟಿದ್ದರೆ ಇಷ್ಟು ದರ ಅನ್ನುವುದು ಚಿಕ್ಕಂದಿನಿಂದ ಗೊತ್ತು. ‘ಹೀಗಿದ್ದರೆ ಹೀಗೆ ಮಾಡು’ ಅನ್ನುವ ‘ಇಫ್’ ಪಾಠಕ್ಕೆ ಅದಕ್ಕಿಂತ ಬೇಕೇ?

ಹುಷಾರಾದವರ ವಿಷಯಕ್ಕೆ ಬರುತ್ತೇನೆ. ಕ್ಯಾಲಿಫೋರ್ನಿಯಾದ ಹಾರ್ವಿ ಮಡ್ ಕಾಲೇಜಿನಲ್ಲಿ ಮೊದಲೇ ಪ್ರೋಗ್ರಾಮಿಂಗ್ ಗೊತ್ತಿದ್ದವರನ್ನೂ ಹೊಸಬರನ್ನೂ ಬೇರೆ ಬೇರೆ ತರಗತಿಯಲ್ಲಿ ಕೂರಿಸಿದರು. ಬುದ್ಧಿ ನೋಡಿ ಮಾಡಿದ ಭಾಗವಲ್ಲ ಅದು, ಮೊದಲು ಕಲಿತಿದ್ದಾರಾ ಇಲ್ಲವಾ ಅಷ್ಟೇ. ಪಟಪಟ ಉತ್ತರ ಹೇಳುವವರು ಪಕ್ಕದಲ್ಲಿ ಇಲ್ಲದಿದ್ದಾಗ ಹೊಸಬರು ಬಾಯಿ ಬಿಟ್ಟರು. ಈ ಬದಲಾವಣೆ ಜೊತೆಗೆ ಇನ್ನೂ ಕೆಲವು ಸೇರಿ, ಕಂಪ್ಯೂಟರ್ ಆರಿಸಿಕೊಳ್ಳುವವರಲ್ಲಿ ನೂರಕ್ಕೆ ಸುಮಾರು 10 ಇದ್ದ ಹುಡುಗಿಯರು ಕೆಲವೇ ವರ್ಷಗಳಲ್ಲಿ 40ರ ಹತ್ತಿರ ಬಂದರು. ನಿಮಗೆ ಎರಡು ತರಗತಿ ಮಾಡಲು ಆಗಲ್ಲ, ಗೊತ್ತು. ಲ್ಯಾಬಿಗೆ ಹೇಗೂ 20 ಜನರ ಬ್ಯಾಚ್ ಮಾಡುತ್ತೀರಲ್ಲ, ರೋಲ್ ನಂಬರ್ ಪ್ರಕಾರ ಮಾಡುವ ಬದಲು ಮೊದಲು ಕಲಿತಿದ್ದಾರಾ ಇಲ್ಲವಾ ನೋಡಿ ಮಾಡಿ.

ಪಾಠದ ನಡುವೆ ಪ್ರಶ್ನೆ ಇಟ್ಟು, ಒಬ್ಬೊಬ್ಬರೂ ಉತ್ತರ ಆರಿಸಿ, ಪಕ್ಕದವರ ಜೊತೆ ವಾದ ಮಾಡಿ, ಮತ್ತೆ ಆರಿಸುವ ಪದ್ಧತಿ ಒಂದಿದೆ. ಹಾರ್ವರ್ಡಿನ ಭೌತಶಾಸ್ತ್ರದ ಮೇಷ್ಟ್ರು ಎರಿಕ್ ಮಜೂರ್ ಶುರು ಮಾಡಿದ್ದು. ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಇದನ್ನು ನಾಲ್ಕು ಕಂಪ್ಯೂಟರ್ ಕೋರ್ಸುಗಳಲ್ಲಿ ತಂದಾಗ ಫೇಲಾಗುವವರು ನೂರಕ್ಕೆ 20ರಿಂದ 7ಕ್ಕೆ ಇಳಿದರು. ಇದಕ್ಕೆ ಯಂತ್ರ ಬೇಕಿಲ್ಲ, ಬೆರಳು ಸಾಕು, ಮೊದಲ ಉತ್ತರಕ್ಕೆ ಒಂದು, ಎರಡನೆಯದಕ್ಕೆ ಎರಡು. ಎದೆಗೆ ಒತ್ತಿ ಹಿಡಿದು ತೋರಿಸಿದರೆ ಪಕ್ಕದವರಿಗೆ ಕಾಣಲ್ಲ, ನಿಮಗೆ ಕಾಣುತ್ತದೆ. ನಾಳೆಯೇ ಆ ‘ಎ = ಬಿ’ ಪ್ರಶ್ನೆ ಇಟ್ಟು ನೋಡಿ. ಅವರು ಸೋಸಲು ತಂದ ಪ್ರಶ್ನೆ ನಿಮಗೆ ಒಂದು ಒಳ್ಳೆಯ ಪಾಠವಾಗುತ್ತದೆ.

ಇದನ್ನೆಲ್ಲ ನಿಮ್ಮೊಬ್ಬರ ಮೇಲೆ ಹೊರಿಸುತ್ತಿಲ್ಲ. ಎರಡು ವರ್ಷದ ಹಿಂದೆ ಒಂದು ಕಾಲೇಜಿನ ವಾರ್ಷಿಕೋತ್ಸವಕ್ಕೆ ಹೋಗಿದ್ದೆ. ಹೊಸ ಲ್ಯಾಬ್ ತೋರಿಸಿದರು. ಕಂಪ್ಯೂಟರುಗಳ ಮೇಲೆ ಪ್ಲಾಸ್ಟಿಕ್ ಕವರ್ ಹಾಗೇ ಇತ್ತು, ಬಾಗಿಲಿಗೆ ಬೀಗ. ಮಕ್ಕಳು ಹಾಳು ಮಾಡ್ತಾರೆ ಸಾರ್ ಅಂದರು. ಅದೇ ಕಾರಿಡಾರಿನಲ್ಲಿ ಮಕ್ಕಳು ನೆಲದ ಮೇಲೆ ಕೂತು ರೆಕಾರ್ಡ್ ಬುಕ್ಕಿಗೆ ಪ್ರೋಗ್ರಾಂಗಳನ್ನು ನೋಡಿ ನೋಡಿ ಬರೆಯುತ್ತಿದ್ದರು. ನನಗೆ ಅವತ್ತು ಊಟ ಸೇರಲಿಲ್ಲ. ಪ್ರೋಗ್ರಾಂಗಳ ಒಂದು ಪಟ್ಟಿ, ಅದರಲ್ಲೇ ಚೀಟಿ ಎತ್ತಿಸುವ ಪರೀಕ್ಷೆ, ತಪ್ಪಿಲ್ಲದೆ ನಕಲು ಬರೆದವರಿಗೆ ಪೂರ್ತಿ ಅಂಕ. ಹೀಗೆ ಮೂರು ವರ್ಷ ಕೂರಿಸಿ ಕೊನೆಗೆ ಇವರಿಗೆ ತಲೆ ಇಲ್ಲ ಅನ್ನುತ್ತೇವೆ. ಕನ್ನಡದಲ್ಲಿ ವಿವರಿಸಿದರೆ ಮಟ್ಟ ಇಳಿಯುತ್ತದೆ ಅನ್ನುವವರೂ ಇದ್ದಾರೆ. ಪರೀಕ್ಷೆ ಇಂಗ್ಲಿಷಿನಲ್ಲೇ ಬರೆಯಲಿ, ಮೊದಲು ಅರ್ಥವಾಗುವುದು ಯಾವ ಭಾಷೆಯಲ್ಲಾದರೇನು?

ಕೊನೆಗೆ ಒಂದು ಕೋರಿಕೆ. ನಿಮ್ಮ ಲ್ಯಾಬ್ ಸಂಜೆ ನಾಲ್ಕರ ಮೇಲೆ ತೆರೆದಿರುತ್ತದೆ, ಆದರೆ ಯಾರೂ ಬರಲ್ಲ ಅಂತ ಪತ್ರದ ಕೆಳಗೆ ಬರೆದಿದ್ದೀರಿ, ಜಾಗ ಸಾಲದೆ ಅದನ್ನು ಇಲ್ಲಿ ಅಚ್ಚು ಹಾಕಿಲ್ಲ. ಅರಕಲಗೂಡು, ಆಲೂರು ಕಡೆಯ ಮಕ್ಕಳು ಆ ಹೊತ್ತಿಗೆ ಬಸ್ ಸ್ಟ್ಯಾಂಡಿನಲ್ಲಿರುತ್ತಾರೆ ಮೇಷ್ಟ್ರೇ, ಆ ಬಸ್ಸು ತಪ್ಪಿದರೆ ಮನೆ ಸೇರುವಾಗ ಕತ್ತಲು. ಅದೇ ಮಕ್ಕಳು ಬೆಳಿಗ್ಗೆ ಬೇಗ ಬಂದು ಗೇಟಿನ ಹತ್ತಿರ ಸುಮ್ನೆ ನಿಂತಿರುತ್ತಾರೆ. ಪ್ರಿನ್ಸಿಪಾಲರನ್ನು ಕೇಳಿ ಕೀ ಇಸಿದುಕೊಂಡು, ತರಗತಿಗೆ ಒಂದು ಗಂಟೆ ಮೊದಲು ಬಾಗಿಲು ತೆಗೆಸಿ ನೋಡಿ. ಯಾರು ಯಾರು ಬಂದರು ಅಂತ ನನಗೆ ಬರೆಯಿರಿ, ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.
– ಸಂ.