ಕೇಬಲ್ ಚಾನೆಲ್ ಮುಚ್ಚಿ ಯೂಟ್ಯೂಬ್‌ಗೆ ಹೋಗ್ಲಾ, ಆ್ಯಪ್ ಮಾಡಿಸ್ಲಾ ಅಂತ ಕೇಳಿದ ದುರ್ಗದವರಿಗೆ

ಎರಡೂ ಆಮೇಲೆ ಸರ್, ಮೊದ್ಲು ನಿಮ್ಮ ಆಫೀಸಿನ ಅಟ್ಟದ ಮೇಲೆ ಹಳೇ ಟೇಪ್ ಎಷ್ಟು ಉಳಿದಾವೆ ನೋಡ್ರಿ. ದಾವಣಗೆರೇಲಿ ಹನ್ನೆರಡು ವರ್ಷ ಲೋಕಲ್ ಚಾನೆಲ್ ನಡೆಸಿ ಬಾಗಿಲು ಹಾಕಿದೋನು ನಾನು.

ಸಂಜೆ ಏಳಕ್ಕೆ ಅರ್ಧ ಗಂಟೆ ಸುದ್ದಿ, ಹುಟ್ಟುಹಬ್ಬದ ಶುಭಾಶಯ, ಕೆಳಗೆ ಸ್ಕ್ರಾಲ್‌ನಲ್ಲಿ ಸೀರೆ ಅಂಗಡಿ ಜಾಹೀರಾತು, ಇಷ್ಟೇ ನಮ್ದು. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂತು, ಜನ ಮೊಬೈಲ್ ಹಿಡ್ಕೊಂಡ್ರು, ಜಾಹೀರಾತು ನಿಂತ್ವು. ಜಿಯೋನೇ ಮುಳುಗಿಸ್ತು ಅಂತಾರೆ ಎಲ್ರೂ, ನಾನು ಒಪ್ಪಲ್ಲ. ನನ್ನ ಮುಳುಗಿಸಿದ್ದು ಟೇಪ್ ದುಡ್ಡು ಉಳಿಸೋ ಬುದ್ಧಿ.

ಮಿನಿ ಡಿವಿ ಟೇಪ್ ಅಂದ್ರೆ ವಿಡಿಯೋ ಕ್ಯಾಮೆರಾಗೆ ಹಾಕೋ ಸಣ್ಣ ಕ್ಯಾಸೆಟ್, 60 ನಿಮಿಷದ್ದು. ಇವತ್ತಿನ ಸುದ್ದಿ ನಾಳೆ ಯಾರು ನೋಡ್ತಾರೆ ಅಂತ ಅದರ ಮೇಲೇ ಮತ್ತೆ ರೆಕಾರ್ಡ್ ಮಾಡ್ತಿದ್ವಿ, ಲೇಬಲ್ ಮೇಲೆ ಹಳೇ ಹೆಸರು ಹೊಡೆದು ಹೊಸದು ಬರೆಯೋದು, ಒಂದೊಂದು ಲೇಬಲ್‌ನಲ್ಲಿ ಐದಾರು ಹೆಸರು ಹೊಡೆದಿರ್ತಿತ್ತು. ದುಗ್ಗಮ್ಮನ ಜಾತ್ರೆ ಬರೋದೇ ಎರಡು ವರ್ಷಕ್ಕೊಂದ್ಸಲ, ಆರು ಜಾತ್ರೆ ಶೂಟ್ ಮಾಡಿದ್ದೆ, ಆರರ ಮೇಲೂ ವಾರ್ಡ್ ಮೀಟಿಂಗು, ಉದ್ಘಾಟನೆ, ಸನ್ಮಾನ ತುಂಬಿಸಿದ್ದೆ. ಬಿಬಿಸಿಯವ್ರೂ 1960-70ರ ದಶಕದಲ್ಲಿ ಹಿಂಗೇ ಟೇಪ್ ಅಳಿಸಿ ಆಮೇಲೆ ವೀಕ್ಷಕರ ಮನೇಲಿ ಕಾಪಿ ಹುಡುಕಬೇಕಾಯ್ತು, ಅದು ನನಗೆ ಗೊತ್ತಾಗಿದ್ದು ತೀರಾ ತಡವಾಗಿ.

2018ರಲ್ಲಿ ಯೂಟ್ಯೂಬ್‌ಗೆ ಬಂದೆ. ದುಡ್ಡು ಬರ್ಬೇಕಂದ್ರೆ 1000 ಸಬ್‌ಸ್ಕ್ರೈಬರ್, ವರ್ಷದಲ್ಲಿ 4000 ಗಂಟೆ ವೀಕ್ಷಣೆ ಬೇಕಿತ್ತು. ಸುದ್ದಿ ಹಾಕಿದ್ರೆ ಒಬ್ರೂ ನೋಡ್ಲಿಲ್ಲ, ಮಧ್ಯಾಹ್ನಕ್ಕೇ ಎಲ್ಲಾ ವಾಟ್ಸಾಪ್‌ನಲ್ಲಿ ಬಂದಿರ್ತಿತ್ತು. ಆಗ ಹೊಂಡದ ಸರ್ಕಲ್ ಕಡೆಯ ಒಬ್ಬ ಹೆಣ್ಣುಮಗಳು ಫೋನ್ ಮಾಡಿ, ಅಣ್ಣಾ, ನಮ್ಮಪ್ಪ ಜಾತ್ರೇಲಿ ಉರುಮೆ ಬಾರಿಸ್ತಿದ್ದ, ತೀರ್ಕೊಂಡ, ನಿಮ್ಮತ್ರ ವಿಡಿಯೋ ಐತಾ ಅಂದ್ಲು. ಇದ್ದ ಟೇಪೆಲ್ಲಾ ಓಡಿಸಿದೆ. ಒಂದರಲ್ಲಿ ಯಾರದ್ದೋ ಸನ್ಮಾನ ಮುಗಿದು ಪರದೆ ಒಮ್ಮೆ ನೀಲಿ ಆಗಿ, ಕೆಳಗಿನ ಹಳೇ ರೆಕಾರ್ಡಿಂಗ್ ಬಾಲ ಹೊರಗೆ ಬಂತು. ನಾಲ್ಕು ನಿಮಿಷ. ತಲೆಗೆ ಹಸಿರು ಟವಲ್ ಸುತ್ಕೊಂಡು ಆ ಮನುಷ್ಯ ಕಣ್ಮುಚ್ಚಿ ಬಾರಿಸ್ತಾ ಇದ್ದ. ಅದನ್ನ ಹಾಕಿದ್ದಕ್ಕೆ ಬಂದಷ್ಟು ಜನ ನನ್ನ ಯಾವ ಸುದ್ದಿಗೂ ಬರ್ಲಿಲ್ಲ. ಇಡೀ ಊರೇ ನನ್ನ ಕಪಾಟಿನಲ್ಲಿತ್ತು ಸರ್, ನಾನೇ ಅಳಿಸಿದ್ದೆ.

ಅದಕ್ಕೇ ಆ್ಯಪ್‌ಗೆ ಒಂದು ರೂಪಾಯಿನೂ ಹಾಕ್ಬ್ಯಾಡ್ರಿ. ಎರಡು ಹಾರ್ಡ್‌ಡಿಸ್ಕ್ ತಗೊಳ್ರಿ, ಒಂದು ಗಂಟೆ ಟೇಪ್‌ಗೆ ಸುಮಾರು 13 ಜಿಬಿ ಬೇಕು, ಕಂಪ್ಯೂಟರ್‌ಗೆ ಇಳಿಸೋಕೂ ಪೂರ್ತಿ ಒಂದು ಗಂಟೆ ಹಿಡಿಯುತ್ತೆ. ಸಿನಿಮಾ ಹಾಡು ಸೇರಿರೋದನ್ನ ಹಂಗೇ ಏರಿಸ್ಬ್ಯಾಡ್ರಿ, 90 ದಿನದೊಳಗೆ ಮೂರು ಕಾಪಿರೈಟ್ ಸ್ಟ್ರೈಕ್ ಬಿದ್ರೆ ಚಾನೆಲ್ಲೇ ಹೋಗುತ್ತೆ. ನಾಯಕನಹಟ್ಟಿ ತೇರಿನ ಟೇಪ್ ನಿಮ್ಮತ್ರ ಇದ್ದೇ ಇರುತ್ತೆ, ಅದನ್ನೇ ಮೊದ್ಲು ಇಳಿಸ್ರಿ. ಹಳೇ ಕ್ಯಾಮೆರಾ ಓಡ್ತಿದ್ಯಾ ಹೇಳ್ರಿ, ಅದನ್ನ ಕಂಪ್ಯೂಟರ್‌ಗೆ ಜೋಡಿಸೋ ಫೈರ್‌ವೈರ್ ಕೇಬಲ್ ನನ್ನತ್ರ ಐತೆ, ಭಾನುವಾರ ದುರ್ಗಕ್ಕೆ ತಂದುಕೊಡ್ತೀನಿ.