ಗೌನು ತೊಟ್ಟವರು, ಲೇಸ್ ಹೆಣೆದವರು

ಹಾಸನದ ಓದುಗರೊಬ್ಬರ ಪತ್ರ: “ಬಿಳಿ ಮದುವೆ ಗೌನಿನ ಬಗ್ಗೆ ಹೋದ ಸಂಚಿಕೆಯಲ್ಲಿ ಬಂದ ಲೇಖನ ಓದಿದೆ. ವಿಕ್ಟೋರಿಯಾ ರಾಣಿಗೆ ನಾಲ್ಕು ಸಾಲು, ಲೇಸ್ ಹೆಣೆದ ಹಳ್ಳಿ ಹೆಂಗಸರಿಗೆ ಅರ್ಧ ಪುಟ! ಫ್ಯಾಶನ್ ಶುರುವಾಗಿದ್ದು ರಾಣಿಯಿಂದ ತಾನೆ? ಕೂಲಿಯವರಿಂದ ಅಲ್ಲವಲ್ಲ. ಇತಿಹಾಸವನ್ನು ಸುಮ್ನೆ ತಿರುಚಬೇಡಿ.”

ಸಂಪಾದಕರ ಉತ್ತರ:

ಇಷ್ಟು ಗಮನವಿಟ್ಟು ಓದಿ, ಸಾಲು ಎಣಿಸಿ ಜಗಳಕ್ಕೆ ಬರುವ ಓದುಗರು ಸಿಗುವುದು ಪುಣ್ಯ. ನಿಮ್ಮ ಮಾತಿನಲ್ಲಿ ನಿಜವೂ ಇದೆ. 1840ರ ಫೆಬ್ರವರಿ 10ರಂದು ವಿಕ್ಟೋರಿಯಾ ಬಿಳಿ ಸ್ಯಾಟಿನ್ ಗೌನು ತೊಟ್ಟು ಮದುವೆಯಾದಳು. ಅದರ ಚಿತ್ರಗಳು ಊರೂರಿಗೆ ಹರಡಿದವು. ಅನುಕೂಲಸ್ಥರ ಮನೆಯ ಹುಡುಗಿಯರಿಗೆ ಬಿಳಿಯ ಆಸೆ ಹತ್ತಿತು. ಇಂಗ್ಲೆಂಡಿನ ಲೇಸಿಗೆ ಬೇಡಿಕೆ ಬರಲಿ ಎಂದೇ ಅವಳು ಗೌನಿಗೆ ಅಲ್ಲಿಯ ಲೇಸನ್ನು ಆರಿಸಿಕೊಂಡಿದ್ದಳು. ಆ ಶ್ರೇಯಸ್ಸು ಅವಳಿಗೆ ಸಲ್ಲಲಿ.

ಆದರೆ ಆ ಲೇಸ್ ಬಂದದ್ದು ಎಲ್ಲಿಂದ? ಡೆವನ್ ಸೀಮೆಯ ಬೀರ್ ಎಂಬ ಕಡಲತೀರದ ಹಳ್ಳಿಯಿಂದ. ಇನ್ನೂರಕ್ಕೂ ಹೆಚ್ಚು ಮಂದಿ ತಿಂಗಳುಗಟ್ಟಲೆ ಕೂತು ಅದನ್ನು ಹೆಣೆದರು. ತೊಡೆಯ ಮೇಲೆ ಗಟ್ಟಿ ದಿಂಬು, ಅದರ ತುಂಬ ಗುಂಡುಪಿನ್ನು, ಕೈಯಲ್ಲಿ ನೂಲು ಸುತ್ತಿದ ಸಣ್ಣ ಕಡ್ಡಿಗಳು. ಒಂದೊಂದು ಹೂವನ್ನೂ ಬೇರೆಯಾಗಿ ಹೆಣೆದು ಆಮೇಲೆ ಬಲೆಬಟ್ಟೆಗೆ ಹೊಲಿಯಬೇಕು. ಆ ಬಲೆಬಟ್ಟೆಯನ್ನು ಅಷ್ಟು ಹೊತ್ತಿಗಾಗಲೇ ಯಂತ್ರ ನೇಯುತ್ತಿತ್ತು. ಜಾನ್ ಹೀತ್‌ಕೋಟ್ ಎಂಬಾತ ಕಂಡುಹಿಡಿದ ಯಂತ್ರ ಅದು. ಕೈಯಲ್ಲಿ ಬಲೆ ಹೆಣೆದು ಬದುಕುತ್ತಿದ್ದವರ ಅನ್ನವನ್ನು ಆ ಯಂತ್ರವೇ ಕಿತ್ತುಕೊಂಡಿತ್ತು. ರಾಣಿ ಕೆಲಸ ಕೊಟ್ಟದ್ದು ಹೀಗೆ ಸೊರಗುತ್ತಿದ್ದ ಕಸುಬಿಗೆ.

ಆ ಸೀಮೆಯಲ್ಲಿ ಐದಾರು ವರ್ಷದ ಮಕ್ಕಳನ್ನೇ ಲೇಸ್ ಶಾಲೆಗೆ ಕೂರಿಸುತ್ತಿದ್ದರು. ಹೆಸರಿಗೆ ಶಾಲೆ, ಮಾಡುವುದೆಲ್ಲ ಕೆಲಸ. ಎಷ್ಟೋ ವ್ಯಾಪಾರಿಗಳು ಕೂಲಿಯನ್ನು ದುಡ್ಡಲ್ಲಿ ಕೊಡದೆ ತಮ್ಮ ಅಂಗಡಿಯ ಸಾಮಾನಿನಲ್ಲಿ ಕೊಡುತ್ತಿದ್ದರು. ಅರ್ಧ ಪುಟ ಜಾಸ್ತಿ ಎನ್ನುತ್ತೀರಾ? ನನಗೆ ಕಮ್ಮಿಯೇ ಅನ್ನಿಸುತ್ತದೆ.

ಇನ್ನು ‘ಶುರುವಾಗಿದ್ದು ರಾಣಿಯಿಂದ’ ಎಂಬ ಮಾತು. ಸ್ಕಾಟ್ಲೆಂಡಿನ ರಾಣಿ ಮೇರಿ 1558ರಲ್ಲೇ ಪ್ಯಾರಿಸ್‌ನಲ್ಲಿ ಬಿಳಿ ತೊಟ್ಟು ಮದುವೆಯಾಗಿದ್ದಳು. ಆಮೇಲೂ ರಾಜಮನೆತನದ ಹುಡುಗಿಯರು ಜರಿಯನ್ನು ಬಿಡಲಿಲ್ಲ. 1816ರಲ್ಲಿ ರಾಜಕುಮಾರಿ ಶಾರ್ಲೆಟ್ ತೊಟ್ಟದ್ದು ಬೆಳ್ಳಿ ಜರಿಯ ಉಡುಪು. ವಿಕ್ಟೋರಿಯಾಳ ಮದುವೆಯಾಗಿ ಒಂಬತ್ತೇ ವರ್ಷಕ್ಕೆ, 1849ರಲ್ಲಿ, ಅಮೆರಿಕದ ‘ಗೋಡೀಸ್ ಲೇಡೀಸ್ ಬುಕ್’ ಎಂಬ ಮಾಸಿಕ ವಧುವಿಗೆ ಬಿಳಿಯೇ ಸರಿ, ಇದು ಪುರಾತನ ಕಾಲದಿಂದ ಬಂದ ಪದ್ಧತಿ ಎಂದು ಬರೆದುಬಿಟ್ಟಿತು! ಪತ್ರಿಕೆಯವರು ಹೀಗೆ ಬರೆದರೆ ಓದುವವರು ನಂಬದೆ ಇರುತ್ತಾರಾ? ತಿರುಚುವುದು ಎಂದರೆ ಇದು, ಸ್ವಾಮಿ.

ಸಾಮಾನ್ಯ ಮನೆಗಳಲ್ಲಿ ಮಾತ್ರ ಆ ಶತಮಾನದುದ್ದಕ್ಕೂ ಕಂದು, ನೀಲಿ, ಬೂದು ಬಣ್ಣದ ಉಡುಪು ತೊಟ್ಟ ಮದುವಣಗಿತ್ತಿಯರೇ ಹೆಚ್ಚು. ಇದ್ದುದರಲ್ಲಿ ಒಳ್ಳೆಯ ಬಟ್ಟೆ ತೊಟ್ಟು ಮದುವೆಯಾಗುವುದು, ಆಮೇಲೆ ಪ್ರತಿ ಭಾನುವಾರ ಚರ್ಚಿಗೆ ಅದೇ. ನಾರ್ವೆ, ಜರ್ಮನಿಯ ಹಳ್ಳಿಗಳಲ್ಲಿ ಕಪ್ಪು ಉಡುಪಿನಲ್ಲೂ ಮದುವೆಯಾಗುತ್ತಿದ್ದರು. ಬಿಳಿ ಕೊಂಡವರೂ ಒಂದೇ ದಿನಕ್ಕೆ ಎತ್ತಿಡುತ್ತಿರಲಿಲ್ಲ. ಗೌನಿನ ಕತ್ತಿನ ಹೊಲಿಗೆ ಬದಲಿಸಿ, ಬಣ್ಣ ಹಾಕಿಸಿ ವರ್ಷಗಟ್ಟಲೆ ತೊಡುತ್ತಿದ್ದರು. ಸ್ವತಃ ವಿಕ್ಟೋರಿಯಾ, ಪಟ್ಟವೇರಿ ಅರವತ್ತು ವರ್ಷವಾದ 1897ರ ವಜ್ರ ಮಹೋತ್ಸವದ ಅಧಿಕೃತ ಚಿತ್ರದಲ್ಲೂ ಆ ಲೇಸನ್ನೇ ತೊಟ್ಟಿದ್ದಾಳೆ. ನಿಮ್ಮ ರಾಣಿಯ ಬಗ್ಗೆ ನನಗೆ ತುಂಬ ಇಷ್ಟವಾದ ವಿಷಯ ಇದೊಂದೇ.

ಮೇರಿ ಆ್ಯನ್ ವಾಕ್ಲಿ ಎಂಬ ಹುಡುಗಿಯ ಹೆಸರು ಕೇಳಿದ್ದೀರಾ? ಲಂಡನ್ನಿನ ರೀಜೆಂಟ್ ಸ್ಟ್ರೀಟಿನ ಹೊಲಿಗೆಮನೆಯೊಂದರಲ್ಲಿ ಕೆಲಸಕ್ಕಿದ್ದಳು. ಇಪ್ಪತ್ತು ವರ್ಷ. 1863ರಲ್ಲಿ ಯುವರಾಜನನ್ನು ಮದುವೆಯಾಗಿ ಬಂದ ಡೆನ್ಮಾರ್ಕಿನ ರಾಜಕುಮಾರಿಯ ಗೌರವಕ್ಕೆ ನೃತ್ಯಕೂಟ. ಅದಕ್ಕೆ ಹೋಗುವ ಹೆಂಗಸರ ಗೌನು ಹೊತ್ತಿಗೆ ಸರಿಯಾಗಿ ಮುಗಿಯಬೇಕಿತ್ತು. ಗಾಳಿಯಾಡದ ಕೋಣೆಯಲ್ಲಿ 26 ಗಂಟೆಗೂ ಹೆಚ್ಚು ಹೊತ್ತು ಒಂದೇ ಸಮ ಹೊಲಿದಳು. ಶುಕ್ರವಾರ ಮಲಗಿದವಳು ಭಾನುವಾರ ಸತ್ತಳು. ಸತ್ತದ್ದರಿಂದ ಅವಳ ಹೆಸರು ಪತ್ರಿಕೆಗೆ ಬಂತು. ಪಕ್ಕದಲ್ಲಿ ಕೂತು ಹೊಲಿದು, ಬದುಕಿ ಉಳಿದ ಹುಡುಗಿಯರ ಹೆಸರು ಎಲ್ಲೂ ಇಲ್ಲ.

ನನ್ನ ಸಿಟ್ಟು ಹಳೆಯ ಇಂಗ್ಲೆಂಡಿಗಷ್ಟೇ ನಿಲ್ಲುವುದಿಲ್ಲ. ನಮ್ಮ ಕಚೇರಿಗೆ ಬರುವ ಮದುವೆ ಫೋಟೋಗಳನ್ನು ನೋಡಿ. ಡಿಸೈನರ್ ಹೆಸರಿರುತ್ತದೆ, ಮೇಕಪ್ ಮಾಡಿದವರ ಹೆಸರಿರುತ್ತದೆ, ಹಾಲ್ ಹೆಸರೂ ಇರುತ್ತದೆ. ಇಳಕಲ್ ಸೀರೆಯ ಒಡಲಿಗೆ ಸೆರಗಿನ ಎಳೆಗಳನ್ನು ಒಂದೊಂದಾಗಿ ಕೂಡಿಸಿ ನೇಯ್ದವರ ಹೆಸರು ಯಾರೂ ಬರೆದಿರುವುದಿಲ್ಲ. ಮೊಳಕಾಲ್ಮೂರು ಸೀರೆಯಾದರೂ ಅದೇ ಕಥೆ. ಕೇಳಿದರೆ ‘ಅಂಗಡಿಯಲ್ಲಿ ತಗೊಂಡ್ವಿ’ ಎನ್ನುತ್ತಾರೆ. ಅಂಗಡಿಯವರನ್ನು ಕೇಳಿ ತಿಳಿದುಕೊಳ್ಳಬಹುದಲ್ವಾ?

ಮುಂದಿನ ಸಂಚಿಕೆಯಿಂದ ನಮಗೆ ಮದುವೆ ಚಿತ್ರ ಕಳಿಸುವವರು ನೇಯ್ದವರ ಹೆಸರನ್ನೂ ಊರನ್ನೂ ಬರೆದು ಕಳಿಸಲಿ. ಮದುಮಕ್ಕಳ ಹೆಸರಿನಷ್ಟೇ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕುತ್ತೇವೆ. ಹಾಸನದಿಂದ ಮೊದಲ ಚಿತ್ರ ನೀವೇ ಕಳಿಸಿ.